ಮಾನ್ಯ ಡೀಮನ್ ಅವರಿಗೆ

ಆತ್ಮವಿಶ್ವಾಸ ಕೆಲವರಿಗೆ ಅನುಭವದಿಂದ ಬರುತ್ತದೆ. ನನಗೆ ಅನುಭವಕ್ಕಿಂತ ಮೊದಲೇ ಬಂದುಬಿಟ್ಟಿದೆ. ಈಜು ಬರದಿದ್ದರೂ ಸೂಳೆಕೆರೆಯ ಏರಿಯ ಮೇಲೆ ನಿಂತು, ನೀರಿನಲ್ಲಿರುವವರಿಗೆ ಕೈ ಹೇಗೆ ಬೀಸಬೇಕೆಂದು ಹೇಳಬಲ್ಲೆ. ಮದುವೆ ಮನೆಯಲ್ಲಿ ಜನರೇಟರ್ ನಿಂತರೆ ಊಟ ಬಿಟ್ಟು ಮೊದಲು ಏಳುವವನು ನಾನೇ. ಹೋಗಿ ಏನು ಮಾಡುತ್ತೇನೆ ಎಂಬುದು ಬೇರೆ ಮಾತು. ಹೆಚ್ಚಿನ ಸಲ ನಾನು ಅದರ ಹತ್ತಿರ ಹೋಗಿ ಬಗ್ಗುವಷ್ಟರಲ್ಲಿ ಕರೆಂಟೇ ಬಂದಿರುತ್ತದೆ, ಜನ ನನ್ನನ್ನು ನೋಡಿ ತಲೆದೂಗುತ್ತಾರೆ. ನನ್ನ ಹೆಂಡತಿ ಈ ಗುಣಕ್ಕೆ ಬೇರೊಂದು ಹೆಸರು ಇಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ. ನಾನು ಹೇಳಹೊರಟಿರುವುದು ನಮ್ಮ ಕಾಲೇಜುಗಳ ಮೇಲ್ ಸರ್ವರಿನ ಸಂಗತಿ. ಅದನ್ನು ಕಟ್ಟಿದವನು ನಾನು. ಚೆನ್ನಾಗಿಯೇ ಕಟ್ಟಿದ್ದೆ ಎಂದು ಈಗಲೂ ಹೇಳುತ್ತೇನೆ. ಆದರೂ ಒಂದು ಶುಕ್ರವಾರ ಆಗಬಾರದ್ದು ಆಗುವುದರಲ್ಲಿತ್ತು.

ನಾನು ಚನ್ನಗಿರಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ. ನಮ್ಮ ಆಡಳಿತ ಮಂಡಳಿಗೆ ಇಂಥವು ನಾಲ್ಕು ಕಾಲೇಜುಗಳಿವೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಒಂದೊಂದು, ದಾವಣಗೆರೆ ದಾಟಿ ಅತ್ತ ಜಗಳೂರಿನಲ್ಲಿ ಒಂದು. ಸರ್ವರ್ ಬರುವ ಮುಂಚೆ ನಾಲ್ಕೂ ಕಾಲೇಜುಗಳ ಪತ್ರವ್ಯವಹಾರ ಯಾರ್ಯಾರದೋ ಖಾಸಗಿ ಮೇಲ್ ವಿಳಾಸಗಳಿಂದ ನಡೆಯುತ್ತಿತ್ತು. ಜಗಳೂರಿನ ಹಿಂದಿನ ಪ್ರಾಂಶುಪಾಲರು ನಿವೃತ್ತರಾದಾಗ ಸನ್ಮಾನದ ಶಾಲಿನ ಜೊತೆ ಮೇಲ್ ಪಾಸ್‌ವರ್ಡನ್ನೂ ಮನೆಗೆ ತೆಗೆದುಕೊಂಡು ಹೋಗಿದ್ದರು. ನ್ಯಾಮತಿಯದಂತೂ ಹಿಂದೆಂದೋ ಒಂದು ಸೈಬರ್ ಅಂಗಡಿಯಲ್ಲಿ ಮಾಡಿಸಿದ್ದು. ಅಂಗಡಿಯವನು ತನ್ನ ಹೆಂಡತಿಯದೇ ಒಂದು ಹಳೆಯ ವಿಳಾಸ ಕೊಟ್ಟಿದ್ದ. ಹೀಗಾಗಿ ಸರಕಾರಿ ಕಚೇರಿಗಳಿಗೆ ನಮ್ಮ ಕಾಲೇಜಿನ ದಾಖಲೆಗಳೆಲ್ಲ ‘ಸ್ವೀಟ್ ಸುಮಾ’ ಎಂಬವರಿಂದ ಹೋಗುತ್ತಿದ್ದವು. ಒಬ್ಬ ಅಧಿಕಾರಿ ಮಂಡಳಿಯ ಕಾರ್ಯದರ್ಶಿಗೆ ಫೋನು ಮಾಡಿ, "ಈ ಸುಮಾ ಅವರು ನಿಮ್ಮಲ್ಲಿ ಯಾವ ಹುದ್ದೆಯಲ್ಲಿದ್ದಾರೆ?" ಎಂದು ಕೇಳಿದ ಮೇಲೆ ಸಭೆ ಕರೆಯಲಾಯಿತು.

ನಮ್ಮ ಕಾರ್ಯದರ್ಶಿ ಷಡಾಕ್ಷರಪ್ಪನವರು ಅಡಿಕೆ ವ್ಯಾಪಾರಿಗಳು. ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಯಾವುದನ್ನೂ ನಂಬುವವರಲ್ಲ. ನಾನು ಎದ್ದು ನಿಂತು, ಮೇಲ್ ಸರ್ವರನ್ನು ನಾವೇ ಇಟ್ಟುಕೊಳ್ಳಬಹುದು, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಮುಕ್ತವಾಗಿ ಸಿಗುತ್ತದೆ ಎಂದೆ.

"ಮುಕ್ತ ಅಂದ್ರೆ ಪುಕ್ಕಟೆನಾ?" ಎಂದರು.

"ಪುಕ್ಕಟೆನೂ ಹೌದು. ಆದ್ರೆ ಅದಲ್ಲ ಅದರ ದೊಡ್ಡಸ್ತಿಕೆ. ಒಳಗೆ ಹೆಂಗೆ ಬರೆದಾರೆ ಅನ್ನೋದನ್ನ ಯಾರ್ ಬೇಕಾದ್ರೂ ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಕೊಡಬಹುದು."

"ಅಂದ್ರೆ ಮಿರ್ಚಿ ಅಂಗಡಿಯವನು ನಮ್ಮನ್ನ ಒಲೆ ಹತ್ರ ಕರ್ಕೊಂಡು ಹೋಗಿ, ಹಿಟ್ಟಿಗೆ ಏನ್ ಹಾಕ್ತೀನಿ ನೋಡ್ಕೊಳ್ರಿ, ನೀವೂ ಅಂಗಡಿ ಇಟ್ಕೊಳ್ರಿ ಅಂದಂಗೆ."

"ಹಂಗೇ."

"ಅಂಥ ಮನುಷ್ಯರು ಇನ್ನೂ ಅದಾರಾ?" ಎಂದರು. ಇದ್ದಾರೆ ಎಂದೆ. ಅವರ ಮುಖದಲ್ಲಿ ಮೂಡಿದ ಗೌರವ ಆ ಸಾಫ್ಟ್‌ವೇರ್ ಬರೆದವರಿಗೆ ಸಲ್ಲಬೇಕಾದದ್ದು. ಅವರಲ್ಲಿ ಯಾರೂ ಸಭೆಯಲ್ಲಿ ಇರಲಿಲ್ಲವಾದ್ದರಿಂದ ನಾನೇ ಸ್ವೀಕರಿಸಿದೆ.

ದಸರಾ ರಜೆಯಲ್ಲಿ ಕೆಲಸ ಮುಗಿಸಿದೆ. ನಮ್ಮ ಲ್ಯಾಬಿನ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ, ಅದಕ್ಕೆ ಲಿನಕ್ಸ್ ಹಾಕಿ, ಪತ್ರಗಳನ್ನು ಹೊರಗೆ ಒಯ್ಯುವ, ಒಳಗೆ ತರುವ ಒಂದು ಪ್ರೋಗ್ರಾಮು, ಬಂದದ್ದನ್ನು ಅವರವರ ಪೆಟ್ಟಿಗೆಯಲ್ಲಿ ಜೋಡಿಸಿಡುವ ಇನ್ನೊಂದು ಪ್ರೋಗ್ರಾಮು ಕೂರಿಸಿದೆ. ಬರೆದವರು ಯಾವ ಯಾವ ದೇಶದವರೋ, ಒಬ್ಬರ ಮುಖವನ್ನೂ ನಾನು ಕಂಡವನಲ್ಲ. ಆದರೆ ಎಲ್ಲಿ ಎಡವಿದರೂ ಅವರಲ್ಲೊಬ್ಬರು ಅದಕ್ಕೆ ಮೊದಲೇ ಉತ್ತರ ಬರೆದಿಟ್ಟಿರುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬರು ಚನ್ನಗಿರಿಯಲ್ಲಿ ನಾನು ಮಾಡಲಿರುವ ತಪ್ಪನ್ನು ಊಹಿಸಿ ಕೂತಿದ್ದರಲ್ಲ ಎಂದು ಮನಸ್ಸು ತುಂಬಿ ಬರುತ್ತಿತ್ತು. ಆಮೇಲೆ ನಾಲ್ಕೂ ಊರಿಗೆ ಬಸ್ಸಿನಲ್ಲಿ ಓಡಾಡಿ, ಎಲ್ಲರಿಗೂ ಕಾಲೇಜಿನ ಹೆಸರಿನ ಹೊಸ ವಿಳಾಸ ಮಾಡಿಕೊಟ್ಟು, ಅದನ್ನೇ ಎಲ್ಲ ಕಚೇರಿಗಳಲ್ಲಿ ನೋಂದಾಯಿಸಿದೆವು. ಸುಮಾ ಅವರು ಸೇವೆಯಿಂದ ಮುಕ್ತರಾದರು. ಮೂರು ತಿಂಗಳು ಎಲ್ಲವೂ ಸರಾಗವಾಗಿ ನಡೆಯಿತು. ನಾನು ಕಾಲೇಜಿನ ಕಾರಿಡಾರಿನಲ್ಲಿ ನಡೆಯುವ ರೀತಿಯೇ ಬದಲಾಗಿತ್ತು ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಆ ಶುಕ್ರವಾರ ಬೆಳಗ್ಗೆ ನ್ಯಾಮತಿಯ ಪ್ರಾಂಶುಪಾಲರಾದ ಸರೋಜಾ ಮೇಡಂ ಫೋನು ಮಾಡಿದರು. ಅವರ ಕಾಲೇಜಿನಲ್ಲಿ ಗೋವಿನಕೋವಿಯ ಚೈತ್ರಾ ಎಂಬ ಹುಡುಗಿ ದ್ವಿತೀಯ ವರ್ಷದಲ್ಲಿ ಓದುತ್ತಿದ್ದಳು. ತಾಯಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಮಗಳು ತರಗತಿಗೇ ಮುಂದು. ಪರೀಕ್ಷೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕಂಪ್ಯೂಟರ್ ವಿಜ್ಞಾನದ ಬದಲು ಜೀವಶಾಸ್ತ್ರ ಎಂದು ಟೈಪಾಗಿತ್ತು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ ಮೇಲೆ ಅವಳೇ ಅದನ್ನು ಕಂಡುಹಿಡಿದಿದ್ದಳು. ತಿದ್ದುಪಡಿಯ ಪತ್ರ ಕಾಲೇಜಿನ ನೋಂದಾಯಿತ ವಿಳಾಸದಿಂದಲೇ ದಾವಣಗೆರೆಯ ಕಚೇರಿಗೆ ಮುಟ್ಟಬೇಕು, ಬೇರೆ ವಿಳಾಸದಿಂದ ಬಂದರೆ ನಡೆಯುವುದಿಲ್ಲ, ಆ ಸಂಜೆ ಐದು ಗಂಟೆಯೇ ಕೊನೆ.

"ನಿನ್ನೆನೇ ಕಳಿಸೀವಿ ಸರ್. ಅವರು ಬಂದಿಲ್ಲ ಅಂತಾರೆ. ಈಗ ಮತ್ತೆ ಕಳಿಸಿದ್ರೂ ಬಂದಿಲ್ಲ ಅಂತಾರೆ," ಎಂದರು ಮೇಡಂ.

"ನಮ್ಮ ಕಡೆ ಏನೂ ತೊಂದರೆ ಇಲ್ಲ ಮೇಡಂ. ಅವರ ಕಡೆನೇ ಏನೋ ಆಗೈತೆ. ಇನ್ನೊಂದ್ಸಲ ಕಳಿಸ್ರಿ," ಎಂದೆ. ಹೇಳಿದ ಮೇಲೆ, ಹೇಳಿದ್ದು ನಿಜವಾಗಿರಲಿ ಎಂದು ಪರೀಕ್ಷೆ ಮಾಡಿದೆ. ನನ್ನ ವಿಳಾಸದಿಂದ ನನ್ನದೇ ವಿಳಾಸಕ್ಕೆ ‘ನಮಸ್ಕಾರ’ ಎಂದು ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಸಂತೋಷವಾಯಿತು. ಒಂದೇ ಪೆಟ್ಟಿಗೆಯ ಎಡಗಡೆಯಿಂದ ಬಲಗಡೆಗೆ ಹೋದ ಪತ್ರ ಅದು, ಚನ್ನಗಿರಿಯ ಲ್ಯಾಬಿನ ಹೊಸ್ತಿಲನ್ನೂ ದಾಟಿರಲಿಲ್ಲ ಎಂಬುದು ಆ ಸಂತೋಷದಲ್ಲಿ ಹೊಳೆಯಲಿಲ್ಲ.

ಮೇಡಂ ಆಮೇಲೂ ಐದಾರು ಸಲ ಕೇಳಿದರು, ಪ್ರತಿ ಸಲವೂ ಇನ್ನೊಂದ್ಸಲ ಕಳಿಸ್ರಿ ಎಂದೆ. ಅರ್ಧ ತಾಸಿನ ಮೇಲೆ ಮತ್ತೆ ಫೋನು ಬಂತು. ಈ ಸಲ ಚೈತ್ರಾಳೇ ಮಾತಾಡಿದಳು. ಅಳುತ್ತಿರಲಿಲ್ಲ, ಬಸ್ಸಿನ ವೇಳೆ ಕೇಳುವವರಂತೆ ಕೇಳಿದಳು.

"ಸರ್, ಮೇಲ್ ಹೋಗದಿದ್ರೆ ನಾನು ಬಯಾಲಜಿನೇ ಬರೀಬೇಕಾಗ್ತದೆ ಅಂತೆ. ಪರೀಕ್ಷೆಗೆ ಇನ್ನು ಎರಡು ತಿಂಗಳು ಐತೆ. ಇವತ್ತಿಂದನೇ ಓದಾಕೆ ಶುರು ಮಾಡ್ಲಾ?"

ಆ ಹುಡುಗಿ ಎರಡು ವರ್ಷ ನನ್ನ ವಿಷಯವನ್ನು ಓದಿದ್ದಳು. ಕಂಪ್ಯೂಟರನ್ನು ನಂಬಬೇಡ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಈಗ ತಾನಾಗಿಯೇ ಕಲಿಯುವ ಹಂತದಲ್ಲಿದ್ದಳು. "ಬೇಡಮ್ಮ," ಎಂದೆ. ನನ್ನ ದನಿ ಎಂದಿನಷ್ಟು ದೊಡ್ಡದಾಗಿರಲಿಲ್ಲ.

ಹನ್ನೊಂದು ಗಂಟೆಗೆ ಹೊನ್ನಾಳಿಯಿಂದ ಶಾಂತಮ್ಮನವರ ಫೋನು. ಅವರು ಅಲ್ಲಿನ ಕಾಲೇಜಿನ ಕಚೇರಿ ಸೂಪರಿಂಟೆಂಡೆಂಟು. ನಿವೃತ್ತಿಗೆ ಎರಡು ವರ್ಷ ಬಾಕಿ. ಕಂಪ್ಯೂಟರ್ ಕಲಿತದ್ದು ತಡವಾಗಿ. ಆದರೆ ಕಾಗದದ ವಿಷಯದಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಅವರ ಮೇಜಿಗೆ ಬಂದ ಕಾಗದಕ್ಕೆ ಕ್ರಮಸಂಖ್ಯೆ ಬೀಳದೆ ಇರುವುದಿಲ್ಲ, ಉತ್ತರ ಹೋಗದೆಯೂ ಇರುವುದಿಲ್ಲ.

"ಸರ್, ಆ ಡೀಮನ್ ಅವರು ಇವತ್ತು ಇನ್ನೂ ಮೂರು ಬರೆದಾರೆ," ಎಂದರು.

"ಯಾರು ಮೇಡಂ?"

"ಅದೇ ಸರ್, ಮೇಲರ್ ಡೀಮನ್ ಅಂತ. ಇಂಗ್ಲಿಷ್‌ನಾಗೆ ಬರೀತಾರಲ್ಲ. ಹೋದ ವಾರ ನಿಮಗೆ ಹೇಳಿದ್ದೆ. ಅದೇನ್ ಬಿಡ್ರಿ, ಅಳಿಸಿಹಾಕ್ರಿ ಅಂದ್ರಿ."

ಹೇಳಿದ್ದೆ, ನೆನಪಾಯಿತು. ಪತ್ರ ತಲುಪದಿದ್ದಾಗ ಸರ್ವರೇ ತಾನಾಗಿ ಕಳಿಸುವ ಸೂಚನೆಗಳು ಅವು. ‘ನಿಮ್ಮ ಪತ್ರ ಇನ್ನೂ ಮುಟ್ಟಿಲ್ಲ, ಪ್ರಯತ್ನಿಸುತ್ತಿದ್ದೇನೆ’ ಎಂದು ಹೇಳುವ ಪ್ರೋಗ್ರಾಮಿನ ಹೆಸರು ಅದು. ಅಲ್ಲೊಂದು ಇಲ್ಲೊಂದು ಬರುವುದು ಸಹಜ ಎಂದುಕೊಂಡು, ಅಳಿಸಿಹಾಕಲು ಹೇಳಿದ್ದೆ.

"ಅಳಿಸಿದ್ರಾ ಮೇಡಂ?" ಎಂದು ಕೇಳಿದೆ. ಜೀವನದಲ್ಲಿ ಮೊದಲ ಸಲ, ನನ್ನ ಮಾತನ್ನು ಯಾರೋ ಕೇಳಿರಬಾರದು ಎಂದು ಬಯಸಿದೆ.

"ಬಂದ ಪತ್ರ ಹೆಂಗ್ ಅಳಿಸಾಕ್ ಆಗ್ತದೆ ಸರ್? ಎಲ್ಲಾ ಪ್ರಿಂಟ್ ತೆಗೆದು ಫೈಲಿಗೆ ಹಾಕೀನಿ. ಮೊದಲನೇದು ಬಂದಿದ್ದು ಹೋದ ವಾರದ ಬುಧವಾರ ಮಧ್ಯಾಹ್ನ. ಅದಕ್ಕೂ ಮುಂಚೆ ಒಂದೂ ಇಲ್ಲ. ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಕಳಿಸಿದ ಪತ್ರದ ಬಗ್ಗೆ ಬರೆದಿದ್ದು. ಹತ್ತೂವರೆಗೆ ಕಳಿಸಿದ್ದು ಮಾತ್ರ ಹೋಗೈತೆ."

ಹತ್ತೂವರೆಗೂ ಹನ್ನೊಂದು ಇಪ್ಪತ್ತಕ್ಕೂ ನಡುವೆ ಏನೋ ನಡೆದಿದೆ ಎಂದಾಯಿತು. ಸರ್ವರ್ ತಾನು ಮಾಡಿದ ಪ್ರತಿ ಕೆಲಸವನ್ನೂ ಸಾಲು ಸಾಲಾಗಿ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಮೂರು ತಿಂಗಳಲ್ಲಿ ನಾನು ಅದನ್ನು ತೆರೆದಿರಲಿಲ್ಲ. ಎಲ್ಲ ಸರಿಯಿದ್ದಾಗ ನೋಡುವುದು ಅದರ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ನನ್ನ ಭಾವನೆಯಾಗಿತ್ತು. ಆ ಬುಧವಾರದ ಪುಟ ತೆರೆದೆ. ಹತ್ತು ಐವತ್ತಕ್ಕೆ ಜಗಳೂರಿನ ಪ್ರಾಂಶುಪಾಲರ ಹೆಸರಿನಲ್ಲಿ, ಸಮುದ್ರದಾಚೆಯ ಯಾವುದೋ ದೇಶದಿಂದ, ಯಾರೋ ಒಳಗೆ ಬಂದಿದ್ದರು. ಅಲ್ಲಿಂದ ಮುಂದೆ ಜಗಳೂರಿನ ಪ್ರಾಂಶುಪಾಲರು ಉಸಿರು ಬಿಡದೆ ಭೂಮಂಡಲದ ಜನರಿಗೆಲ್ಲ ಪತ್ರ ಬರೆದಿದ್ದರು. ವಿಷಯ ಒಂದೇ: ಹೊಟ್ಟೆಯ ಬೊಜ್ಜು ಕರಗಿಸುವ ಮಾತ್ರೆ.

ಜಗಳೂರಿನ ಈಗಿನ ಪ್ರಾಂಶುಪಾಲರಾದ ಮಲ್ಲೇಶಪ್ಪನವರು ಮೂಲತಃ ತರ್ಕಶಾಸ್ತ್ರದ ಉಪನ್ಯಾಸಕರು. ಮಾತ್ರೆ ಹಾಗಿರಲಿ, ತಲೆನೋವಿಗೆ ಅಮೃತಾಂಜನವನ್ನೂ ಹಚ್ಚದವರು. ಫೋನು ಮಾಡಿದೆ.

"ಸರ್, ಒಂದು ವಾರದಿಂದ ನಿಮಗೆ ಯಾರಾದ್ರೂ ಗುರುತಿಲ್ಲದವರು ಬರೆದಾರಾ?"

"ಬರೀತಾನೇ ಅದಾರೆ. ಬ್ರೆಜಿಲ್‌ನವ ಒಬ್ಬ, ದಿನಕ್ಕೆ ಎಷ್ಟು ನುಂಗಬೇಕು ಅಂತ ಕೇಳ್ಯಾನೆ. ಪಾಪ, ಬಾಳ ದಪ್ಪ ಇರಬೇಕು. ನಾನು, ಮಾತ್ರೆ ಸಹವಾಸ ಬೇಡಪ್ಪ, ಬೆಳಗ್ಗೆ ಎದ್ದು ನಡಿ, ರಾತ್ರಿ ಒಂದು ರೊಟ್ಟಿ ಕಮ್ಮಿ ತಿನ್ನು ಅಂತ ಉತ್ತರ ಬರೆದೆ."

"ಅವನು ನಿಮ್ಮನ್ನೇ ಯಾಕೆ ಕೇಳ್ತಾನೆ ಅಂತ ಅನ್ನಿಸಲಿಲ್ವಾ ಸರ್?"

"ಅನ್ನಿಸ್ತು. ಇಡೀ ಪ್ರಪಂಚ ತಪ್ಪು ವಿಳಾಸಕ್ಕೆ ಬರೆಯಾಕೆ ಸಾಧ್ಯ ಇಲ್ಲ, ಅಂದಮೇಲೆ ವಿಳಾಸ ಕೊಟ್ಟವನು ನಮ್ಮವನೇ ಯಾರೋ ಇರಬೇಕು ಅಂತ ತರ್ಕ ಮಾಡಿದೆ. ನಿಮಗೆ ಹೇಳಣ ಅಂದ್ರೆ ನೀವು ಬಿಡುವಿಲ್ಲದವರು."

ಪಾಸ್‌ವರ್ಡ್ ಏನು ಇಟ್ಟಿದ್ದಿರಿ ಎಂದು ಕೇಳಿದೆ.

"ನೀವೇ ಇಟ್ಟಿದ್ದಲ್ಲ. ಜಗಳೂರು ಒಂದು ಎರಡು ಮೂರು. ಬದಲಾಯಿಸಬೇಕೇನ್ರಿ ಅಂತ ಆವತ್ತೇ ಕೇಳಿದೆ. ಬಸ್ ಹೊರಟೈತೆ, ಆಮೇಲೆ ನೋಡಾಣ ಅಂದ್ರಿ."

ಬಸ್ ಹೊರಟಿದ್ದು ನಿಜ. ನಾಲ್ಕೂ ಊರುಗಳಲ್ಲಿ ಬಲವಾದ ಪಾಸ್‌ವರ್ಡಿನ ಮಹತ್ವದ ಬಗ್ಗೆ ತಲಾ ಅರ್ಧ ತಾಸು ಭಾಷಣ ಮಾಡಿದವನು ನಾನು. ಜಗಳೂರಿನಲ್ಲಿ ಭಾಷಣ ಸ್ವಲ್ಪ ಉದ್ದವಾದ್ದರಿಂದ ಪಾಸ್‌ವರ್ಡಿಗೆ ಸಮಯ ಉಳಿದಿರಲಿಲ್ಲ.

ತಕ್ಷಣ ಆ ಬಾಗಿಲು ಮುಚ್ಚಿದೆ. ಪಾಸ್‌ವರ್ಡ್ ಬದಲಾಯಿತು. ಆದರೆ ಅಷ್ಟರಲ್ಲಿ ನಮ್ಮ ಸರ್ವರಿನ ಹೆಸರು ಕೆಟ್ಟುಹೋಗಿತ್ತು. ಇಂಥ ಕಸ ಕಳಿಸುವ ಸರ್ವರುಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು ಬಿದ್ದರೆ ದೊಡ್ಡ ಕಚೇರಿಗಳ ಸರ್ವರುಗಳು ‘ಈಗ ಬೇಡ, ಆಮೇಲೆ ಬಾ’ ಎಂದು ಪತ್ರವನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಚೈತ್ರಾಳ ಪತ್ರ ನಮ್ಮ ಸರ್ವರಿನ ಸರದಿ ಸಾಲಿನಲ್ಲೇ, ಸಾವಿರಾರು ಬೊಜ್ಜಿನ ಮಾತ್ರೆಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಸಾಲನ್ನು ಒಂದೇ ಏಟಿಗೆ ಖಾಲಿ ಮಾಡುವ ಆಜ್ಞೆ ನನಗೆ ಗೊತ್ತಿತ್ತು. ಟೈಪ್ ಮಾಡಿ, ಒತ್ತುವ ಮೊದಲು, ಶಾಂತಮ್ಮನವರಿಗೆ ಧೈರ್ಯ ಹೇಳೋಣವೆಂದು ಫೋನು ಮಾಡಿ, ಚೈತ್ರಾಳ ಸಂಗತಿಯನ್ನೂ ತಿಳಿಸಿ, "ಎಲ್ಲಾ ಗುಡಿಸಿ ಹಾಕ್ತಾ ಇದೀನಿ ಮೇಡಂ," ಎಂದೆ.

"ಎಲ್ಲಾ ಅಂದ್ರೆ? ನನ್ನವೂ ಅದರಾಗೇ ಅದಾವಲ್ಲ ಸರ್. ನ್ಯಾಮತಿ ಹುಡುಗಿದೂ ಅಲ್ಲೇ ಇರಬೇಕಲ್ಲ?"

ಬೆರಳನ್ನು ಹಿಂದಕ್ಕೆ ತೆಗೆದೆ. ಜಗಳೂರಿನಿಂದ ಹೊರಟವನ್ನು ಮಾತ್ರ ಆರಿಸಿ ತೆಗೆಯುವ ದಾರಿಯೂ ಆ ಸಾಫ್ಟ್‌ವೇರಿನಲ್ಲಿತ್ತು, ಸ್ವಲ್ಪ ನಿಧಾನದ ದಾರಿ. ಅದನ್ನೇ ಹಿಡಿದೆ. ಆಮೇಲೆ ಪಟ್ಟಿ ಇಟ್ಟವರಿಗೆ, ನಮ್ಮ ಹೆಸರು ತೆಗೆಯಿರಿ ಎಂದು ಅರ್ಜಿ ಬರೆಯಬೇಕಿತ್ತು. ಏನಾಯಿತು, ಏಕಾಯಿತು ಎಂಬ ಎರಡು ಪ್ರಶ್ನೆ. ಫೋನು ಇನ್ನೂ ಕಿವಿಯಲ್ಲೇ ಇತ್ತು. ‘ನಮ್ಮ ಒಬ್ಬ ಬಳಕೆದಾರರು ದುರ್ಬಲ ಪಾಸ್‌ವರ್ಡ್ ಇಟ್ಟುಕೊಂಡಿದ್ದರಿಂದ’ ಎಂದು ಬರೆಯುತ್ತ ಓದಿ ಹೇಳಿದೆ.

"ಯಾರು ಇಟ್ಟಿದ್ದು ಅದನ್ನ?" ಎಂದರು ಶಾಂತಮ್ಮ.

ಹೇಳಿದೆ.

"ಹಂಗಾರೆ ಹಂಗೇ ಬರೀರಿ ಸರ್. ಅರ್ಜಿ ಸುಳ್ಳಾದ್ರೆ ಎಲ್ಲಾ ಕೆಲಸ ಕೆಡ್ತದೆ."

‘ಸರ್ವರ್ ನೋಡಿಕೊಳ್ಳುವ ನಾನೇ ಇಟ್ಟ ದುರ್ಬಲ ಪಾಸ್‌ವರ್ಡಿನಿಂದ’ ಎಂದು ತಿದ್ದಿ ಕಳಿಸಿದೆ. ಆ ವಾಕ್ಯ ಇಂಗ್ಲಿಷಿನಲ್ಲಿದ್ದದ್ದರಿಂದ ಅಷ್ಟಾಗಿ ಚುಚ್ಚಲಿಲ್ಲ.

ಇನ್ನು ಕಾಯುವುದು. ಒಂದು ತಾಸಾಗಬಹುದು, ಒಂದು ದಿನವೂ ಆಗಬಹುದು. ಸರೋಜಾ ಮೇಡಂಗೆ, ಮೂರು ಗಂಟೆಯೊಳಗೆ ಖಂಡಿತ ಹೋಗುತ್ತದೆ ಎಂದೆ. ಅವರು "ಆಯ್ತು ಸರ್" ಎಂದವರು, ನನ್ನ ಖಂಡಿತವನ್ನು ಬದಿಗಿಟ್ಟು, ಪತ್ರದ ಮುದ್ರಿತ ಪ್ರತಿ ಹಿಡಿದು, ಚೈತ್ರಾಳನ್ನೂ ಕರೆದುಕೊಂಡು ದಾವಣಗೆರೆ ಬಸ್ ಹತ್ತಿದ್ದರು. ಇದು ನನಗೆ ಗೊತ್ತಾದದ್ದು ನಾಲ್ಕು ಗಂಟೆಗೆ, ಅವರು ಆ ಕಚೇರಿಯಿಂದಲೇ ಫೋನು ಮಾಡಿದಾಗ. ಕಾಗದ ಕೊಟ್ಟಿದ್ದಾರೆ, ಗುಮಾಸ್ತರು ಒಳ್ಳೆಯವರು, ಆದರೆ ಮೇಲ್ ಬಾರದೆ ಅವರ ಕಂಪ್ಯೂಟರಿನಲ್ಲಿ ತಿದ್ದುಪಡಿಯ ಕಿಟಕಿಯೇ ತೆರೆಯುವುದಿಲ್ಲವಂತೆ.

ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಾನು ಆ ದಿನಚರಿಯ ಎದುರು ಅಲುಗಾಡದೆ ಕೂತೆ. ನಾಲ್ಕು ಹತ್ತಕ್ಕೆ ನೋಡಿದೆ, ಪಟ್ಟಿಯಲ್ಲಿ ಇದ್ದೆವು. ನಾಲ್ಕು ಇಪ್ಪತ್ತಕ್ಕೂ ಇದ್ದೆವು. ಹುಡುಗಿಗೆ ಓದಲು ಶುರು ಮಾಡು ಎಂದೇ ಹೇಳಬೇಕಾಗಿತ್ತೇನೋ ಎನ್ನಿಸಿತು; ಒಂದು ದಿನವಾದರೂ ಉಳಿಯುತ್ತಿತ್ತು. ನಾಲ್ಕು ಮೂವತ್ತೆರಡಕ್ಕೆ ನಮ್ಮ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸಾಲಿನಲ್ಲಿರುವುದನ್ನೆಲ್ಲ ಕೂಡಲೇ ಮತ್ತೆ ಕಳಿಸು ಎಂದು ಸರ್ವರ್‌ಗೆ ಹೇಳಿದೆ. ದಿನಚರಿಯಲ್ಲಿ ಒಂದೊಂದೇ ಸಾಲು ಮೂಡತೊಡಗಿತು: ಮುಟ್ಟಿತು, ಮುಟ್ಟಿತು, ಮುಟ್ಟಿತು.

ಸರೋಜಾ ಮೇಡಂ ಫೋನು ಮಾಡಿದಾಗ ಹಿಂದಿನಿಂದ ನಗು ಕೇಳುತ್ತಿತ್ತು. "ಬಂತು ಸರ್. ಒಂಬತ್ತು ಸಲ ಬಂದೈತೆ. ಇನ್ನೊಂದ್ಸಲ ಕಳಿಸ್ರಿ, ಇನ್ನೊಂದ್ಸಲ ಕಳಿಸ್ರಿ ಅಂತ ನೀವು ಹೇಳಿದ್ದೆಲ್ಲಾ ಒಟ್ಟಿಗೇ ಬಂದಾವೆ. ಒಂದೇ ಹುಡುಗಿಗೆ ಒಂಬತ್ತು ಸಲ ಕಂಪ್ಯೂಟರ್ ಸೈನ್ಸ್ ಕೊಡಬೇಕಾ ಅಂತ ಗುಮಾಸ್ತರು ಕೇಳ್ತಾ ಅದಾರೆ." ಚೈತ್ರಾಳ ಹೆಸರಿನ ಮುಂದೆ ಜೀವಶಾಸ್ತ್ರ ಹೋಗಿ ನನ್ನ ವಿಷಯ ಬಂದಿತ್ತು. ಅವಳು ಫೋನು ತೆಗೆದುಕೊಂಡು, "ಥ್ಯಾಂಕ್ಸ್ ಸರ್" ಎಂದಳು. ಆಮೇಲೆ, "ಆ ಸಾಫ್ಟ್‌ವೇರ್ ಒಳಗೆ ಹೆಂಗ್ ಬರೆದಾರೆ ಅಂತ ನಾನೂ ನೋಡಬಹುದಾ ಸರ್?" ಎಂದಳು. ನೋಡಬಹುದು, ಅದೇ ಅದರ ದೊಡ್ಡಸ್ತಿಕೆ ಎಂದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾಗಿದ್ದದ್ದು ಅದೊಂದೇ ಇರಬೇಕು.

ಮನೆಗೆ ಹೊರಡುವ ಮೊದಲು ಇನ್ನೇನಾದರೂ ಉಳಿದಿದೆಯೇ ಎಂದು ಸರ್ವರನ್ನು ಒಂದು ಸುತ್ತು ನೋಡಿದೆ. ಪ್ರತಿ ಮೇಲ್ ಸರ್ವರಿಗೂ ‘ಪೋಸ್ಟ್‌ಮಾಸ್ಟರ್’ ಎಂಬ ಒಂದು ಪೆಟ್ಟಿಗೆ ಇರಲೇಬೇಕೆಂಬ ನಿಯಮವಿದೆ; ಡೀಮನ್‌ಗೆ ಯಾರಾದರೂ ಉತ್ತರ ಬರೆದರೆ ಅದೂ ಅಲ್ಲಿಗೇ ಬರುತ್ತದೆ. ಆ ಪೋಸ್ಟ್‌ಮಾಸ್ಟರ್ ನಾನೇ. ಪೆಟ್ಟಿಗೆ ಇರುವುದೇ ಮರೆತುಹೋಗಿತ್ತು. ತೆರೆದರೆ ಒಳಗೆ ಶಾಂತಮ್ಮನವರ ಪತ್ರಗಳ ಸಾಲು. ಎಲ್ಲಕ್ಕೂ ಕ್ರಮಸಂಖ್ಯೆ. ಮೊದಲನೆಯದು ಹೀಗಿತ್ತು: ‘ಮಾನ್ಯ ಡೀಮನ್ ಅವರಿಗೆ, ನಮಸ್ಕಾರಗಳು. ನನ್ನ ಪತ್ರವನ್ನು ಮುಟ್ಟಿಸಲು ತಾವು ಪ್ರಯತ್ನಿಸುತ್ತಿರುವುದಾಗಿ ತಿಳಿಸಿದ್ದೀರಿ. ತಮ್ಮ ಶ್ರಮಕ್ಕೆ ಧನ್ಯವಾದಗಳು.’ ಮರುದಿನದ್ದು: ‘ತಾವು ತಿಳಿಸಿದ ಕಾರಣದಲ್ಲಿ ನಮ್ಮ ಸಂಸ್ಥೆಯ ಹೆಸರು ಕೆಟ್ಟಿದೆ ಎಂಬ ಅರ್ಥ ಬರುವ ಒಂದು ಪದವಿದೆ. ನಮ್ಮ ಸಂಸ್ಥೆಯ ಹೆಸರು ಏಕೆ ಕೆಟ್ಟಿತು ಎಂದು ದಯಮಾಡಿ ವಿಚಾರಿಸಿ ತಿಳಿಸಬೇಕಾಗಿ ವಿನಂತಿ.’ ಎಂಟು ದಿನದ ಹಿಂದೆಯೇ ಸರಿಯಾದ ಪ್ರಶ್ನೆಯನ್ನು, ಸರಿಯಾದ ವಿಳಾಸಕ್ಕೆ, ಸರಿಯಾದ ಕನ್ನಡದಲ್ಲಿ ಒಬ್ಬರು ಕೇಳಿಯಾಗಿತ್ತು. ಪೂರ್ತಿ ಓದುವುದಕ್ಕೆ ಧೈರ್ಯ ಸಾಲಲಿಲ್ಲ.

ಮರುದಿನ ಹೊನ್ನಾಳಿಗೆ ಹೋಗಿ ಅವರ ಎದುರು ಕೂತು ಎಲ್ಲ ಹೇಳಿದೆ. ಡೀಮನ್ ಎನ್ನುವುದು ಮನುಷ್ಯರಲ್ಲ, ಪ್ರೋಗ್ರಾಮು ಎಂದೆ.

"ನಾನು ಬರೆದಿದ್ದೆಲ್ಲಾ ಮತ್ತೆ ಯಾರಿಗೆ ಹೋಯ್ತು?"

"ನನಗೇ ಬಂದಾವೆ ಮೇಡಂ. ನಾನು ನೋಡಲಿಲ್ಲ."

ಶಾಂತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬೈಯಲಿಲ್ಲ. "ಮನುಷ್ಯರಲ್ಲದಿದ್ರೂ ಅವರು, ಪತ್ರ ಮುಟ್ಟದಾಗೆಲ್ಲಾ ನನಗೆ ಬರೆದು ತಿಳಿಸಿದ್ರು ಸರ್," ಎಂದರು, ಅಷ್ಟೆ. ಚಹಾ ತರಿಸಿದರು. ನಾನು ಅದನ್ನು ಸಕ್ಕರೆ ಕಲಕದೆ ಕುಡಿದೆ.

ಮುಂದಿನ ಸಭೆಯಲ್ಲಿ ಪೋಸ್ಟ್‌ಮಾಸ್ಟರ್ ಪೆಟ್ಟಿಗೆಯನ್ನು ಶಾಂತಮ್ಮನವರಿಗೆ ವಹಿಸಬೇಕೆಂದು ನಾನೇ ಸೂಚಿಸಿದೆ. ಈಗ ಅವರು ದಿನಾ ಬೆಳಗ್ಗೆ ಹತ್ತು ಗಂಟೆಗೆ ದಿನಚರಿ ಓದುತ್ತಾರೆ. ಹೊಸದಾಗಿ ಏನು ಕಂಡರೂ ಕ್ರಮಸಂಖ್ಯೆ ಹಾಕಿ ನನಗೆ ಕಳಿಸುತ್ತಾರೆ. ಸರ್ವರ್ ಅಂದಿನಿಂದ ಒಮ್ಮೆಯೂ ನಿಂತಿಲ್ಲ. ಮಲ್ಲೇಶಪ್ಪನವರ ಪಾಸ್‌ವರ್ಡ್ ಈಗ ಎಷ್ಟು ಬಲವಾಗಿದೆಯೆಂದರೆ ಅವರು ವಾರಕ್ಕೊಮ್ಮೆ ಮರೆಯುತ್ತಾರೆ.

ಹೋದ ತಿಂಗಳು ಹರಿಹರದ ಕಡೆಯ ಒಂದು ಕಾಲೇಜಿನವರು, ನಮಗೂ ಇಂಥದ್ದು ಬೇಕು ಎಂದು ಪೋಸ್ಟ್‌ಮಾಸ್ಟರರಿಗೆ ಬರೆದಿದ್ದರಂತೆ. ಶಾಂತಮ್ಮ ಅಂದೇ ಉತ್ತರ ಬರೆದರು: ‘ಮಾನ್ಯರೇ, ಸಾಫ್ಟ್‌ವೇರ್ ಮುಕ್ತವಾಗಿ ಸಿಗುತ್ತದೆ. ಅದನ್ನು ಸ್ಥಾಪಿಸಲು ನಮ್ಮಲ್ಲಿ ಒಬ್ಬ ಉಪನ್ಯಾಸಕರಿದ್ದಾರೆ, ಕಳುಹಿಸಿಕೊಡುತ್ತೇವೆ. ಕೆಲಸ ಚೆನ್ನಾಗಿ ಮಾಡುತ್ತಾರೆ. ಎಲ್ಲ ಸರಿಯಿದೆ ಎಂದು ಅವರು ಹೇಳಿದಾಗ ಮಾತ್ರ ತಾವು ಒಮ್ಮೆ ಪರಿಶೀಲಿಸಿಕೊಳ್ಳಬೇಕಾಗಿ ವಿನಂತಿ.’ ಮಾಹಿತಿಗಾಗಿ ಎಂದು ಅದರ ಪ್ರತಿಯನ್ನು ನನಗೂ ಕಳಿಸಿದ್ದರು. ಅವರು ಹೊನ್ನಾಳಿಯಲ್ಲಿ ಗುಂಡಿ ಒತ್ತಿದ ಕ್ಷಣದಲ್ಲೇ ಅದು ಚನ್ನಗಿರಿಯಲ್ಲಿ ನನ್ನ ಕಣ್ಣೆದುರು ಬಂದು ಬಿತ್ತು. ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. ಸರ್ವರನ್ನು ನಾನು ಅಷ್ಟು ಚೆನ್ನಾಗಿ ಕಟ್ಟಿದ್ದೇನೆ.